ಮಾತ್ರೆ ಕೊಡೋಕೆ ಎರಡು ಜೊತೆ ಗ್ಲೌಸ್ ಯಾಕೆ ಸಿಸ್ಟರ್?

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ತಿಳಿದರೂ ಪರವಾಗಿಲ್ಲ. ಕೆಲಸದಿಂದ ರಿಟೈರ್ ಆದರೂ ನನ್ನ ಬಾಯಿ ರಿಟೈರ್ ಆಗಿಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ.

ಚಿಕ್ಕಮ್ಮನ ಜೊತೆ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದೆ. ಪಕ್ಕದ ಬೆಡ್‌ನ ಹೆಂಗಸಿಗೆ ಎಚ್‌ಐವಿ ಇದೆ ಅಂತ ನನಗೆ ಹೇಗೆ ಗೊತ್ತಾಯಿತು ಹೇಳಿ? ನಾನಂತೂ ಕೇಳಲಿಲ್ಲ. ಕೇಸ್ ಶೀಟ್ ಮೇಲೆ ಕೆಂಪು ಪೆನ್ನಿನಲ್ಲಿ ದಪ್ಪಗೆ 'ಆರ್‌ವಿಡಿ' ಅಂತ ಬರೆದಿತ್ತು. ಎಚ್‌ಐವಿಗೆ ಆಸ್ಪತ್ರೆಯವರ ಗುಟ್ಟಿನ ಹೆಸರಂತೆ! ವಾರ್ಡಿನಲ್ಲಿ ಕಸ ಗುಡಿಸುವವರಿಗೂ ಅದರ ಅರ್ಥ ಗೊತ್ತು. ಸಾಲದ್ದಕ್ಕೆ ಸಿಸ್ಟರ್ ಬಂದು, "ಅಮ್ಮಾ, ಆಯಮ್ಮ ಹೋಗೋ ಬಾತ್‌ರೂಮಿಗೆ ನೀವು ಹೋಗ್ಬೇಡಿ" ಅಂತ ಚಿಕ್ಕಮ್ಮನಿಗೆ ಪಿಸುಗುಟ್ಟಿದರು. ಬಾಗಿಲ ತನಕ ಕೇಳಿಸುವಂಥ ಪಿಸುಮಾತು.

ಆಮೇಲೆ ಒಂದರ ಮೇಲೊಂದು ಎರಡು ಜೊತೆ ಗ್ಲೌಸ್ ಹಾಕಿಕೊಂಡು ಆಕೆಗೆ ಮಾತ್ರೆ ಕೊಟ್ಟರು. ಕೈಗಲ್ಲ, ಲಾಕರ್ ಮೇಲಿಟ್ಟು ಹಿಂದೆ ಸರಿದರು. ಅದೇ ಸಿಸ್ಟರ್ ಗ್ಲೌಸ್ ಕಿತ್ತು ಬಿಸಾಕಿ, ಬರಿಗೈಯಲ್ಲಿ ಚಿಕ್ಕಮ್ಮನ ರಕ್ತ ತೆಗೆದು, ಎರಡೂ ಕೈ ಸೇರಿಸಿ ಸೂಜಿಗೆ ಮತ್ತೆ ಕ್ಯಾಪ್ ಹಾಕಿದರು! ಚಿಕ್ಕಮ್ಮನ ರಿಪೋರ್ಟ್ ಇನ್ನೂ ಒಂದೂ ಬಂದಿರಲಿಲ್ಲ. ಆ ರಕ್ತದಲ್ಲಿ ಏನಿದೆ ಅಂತ ಯಾರಿಗೆ ಗೊತ್ತಿತ್ತು?

ನಿಮಗೆ ಭಯ ಇರೋದು ರಕ್ತದ ಮೇಲಾ, ಕೆಂಪು ಪೆನ್ನಿನ ಮೇಲಾ?

ಎಚ್‌ಐವಿ ವೈರಸ್ ಹತ್ತಿಕ್ಕುವ ಎಆರ್‌ಟಿ ಮಾತ್ರೆ 2004ರಿಂದ ಸರ್ಕಾರವೇ ಪುಕ್ಕಟೆ ಕೊಡುತ್ತಿದೆ. ಅದನ್ನು ದಿನಾ ತಪ್ಪದೆ ನುಂಗಿ, ಟೆಸ್ಟಿನಲ್ಲಿ ಕಾಣದಷ್ಟು ವೈರಸ್ ಇಳಿಸಿಕೊಂಡವರಿಂದ ಗಂಡನಿಗೋ ಹೆಂಡತಿಗೋ ಲೈಂಗಿಕ ಸಂಪರ್ಕದಿಂದಲೂ ಸೋಂಕು ಹರಡುವುದಿಲ್ಲ. ಮಾತ್ರೆ ಕೊಡುವ ಬೆರಳಿಗೆ ಹರಡುತ್ತದಾ? ಪ್ರತಿ ರೋಗಿಯ ರಕ್ತವನ್ನೂ ಸೋಂಕಿರಬಹುದು ಅಂದುಕೊಂಡೇ ಮುಟ್ಟಬೇಕು ಅನ್ನೋದು ಮೊದಲ ವರ್ಷದ ಪಾಠ ಅಲ್ವಾ?

"ಮೇಡಂ, ಹೇಳೋದು ಸುಲಭ, ನೈಟ್ ಡ್ಯೂಟಿಗೆ ಇಡೀ ವಾರ್ಡಿಗೆ ಒಬ್ಬಳೇ, ಗ್ಲೌಸ್ ಕೇಳಿದರೆ ಸ್ಟೋರಿನವರು ಮುಖ ಸಿಂಡರಿಸ್ತಾರೆ" ಅಂತೀರಿ. ನಿಜ, ಒಪ್ಪಿದೆ. ಗ್ಲೌಸ್ ಅಷ್ಟು ಕಡಿಮೆ ಇದ್ದರೆ ಮಾತ್ರೆ ಕೊಡೋಕೆ ಎರಡು ಜೊತೆ ಹಾಳು ಮಾಡಿದ್ದು ಯಾವ ಲೆಕ್ಕ? 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆ ಇದೆಯಲ್ಲ, ರೋಗಿಯ ಒಪ್ಪಿಗೆ ಇಲ್ಲದೆ ವಿಷಯ ಹೊರಗೆ ಬಿಡಬಾರದು ಅನ್ನುವ ಅದೇ ಕಾಯ್ದೆ, ಸಿಬ್ಬಂದಿಗೆ ರಕ್ಷಣೆಯ ಸಾಮಾನು, ತರಬೇತಿ, ಸೂಜಿ ಚುಚ್ಚಿದರೆ ಸೋಂಕು ತಗಲದಂತೆ ನುಂಗುವ ಪೆಪ್ ಮಾತ್ರೆ ಎಲ್ಲ ಆಸ್ಪತ್ರೆಯವರೇ ಕೊಡಬೇಕು ಅಂತಲೂ ಹೇಳುತ್ತದೆ. ಮ್ಯಾನೇಜ್‌ಮೆಂಟ್ ಜೊತೆ ಜಗಳ ಆಡಿ. ಅಲ್ಲಿ ಬಾಯಿ ಬಿಡಲ್ಲ. ಡ್ರಿಪ್ ಹಾಕಿಸಿಕೊಂಡು ಮಲಗಿರುವವಳ ಮುಂದೆ ಮಾತ್ರ ಜೋರು.

ಭಯ ಏನು ಅಂತ ನನಗೆ ಹೇಳಿಕೊಡಬೇಡಿ. ನನಗೂ ಒಮ್ಮೆ ಚುಚ್ಚಿತ್ತು, ಪಾಸಿಟಿವ್ ಅಂತ ಗೊತ್ತಿದ್ದವರ ಸೂಜಿಯೇ. ನಲ್ಲಿ ಕೆಳಗೆ ಬೆರಳು ಹಿಡಿದು ಸೋಪು ಹಚ್ಚುವಾಗ ಕಾಲು ನಡುಗುತ್ತಿತ್ತು. 28 ದಿನದ ಪೆಪ್ ಕೋರ್ಸ್, ಬೆಳಿಗ್ಗೆ ಎದ್ದರೆ ವಾಕರಿಕೆ. ಮನೆಯಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಅಂತ ಸುಳ್ಳು ಹೇಳಿದ್ದೆ. (ಅಕ್ಕಾ, ಓದಿ ಗಾಬರಿಯಾಗಿ ಫೋನ್ ಮಾಡಬೇಡ, ಆಗಲೇ ನೆಗೆಟಿವ್ ಬಂತು.) ಆ ರೋಗಿಯ ಡ್ರೆಸ್ಸಿಂಗ್ ಮರುದಿನವೂ ನಾನೇ ಮಾಡಿದೆ. ಒಂದೇ ಜೊತೆ ಗ್ಲೌಸ್ ಹಾಕಿಕೊಂಡು.

ಅಂಥ ಸೂಜಿ ಚುಚ್ಚಿದರೆ ಎಚ್‌ಐವಿ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಹೆಪಟೈಟಿಸ್ ಬಿ ಇರುವವರ ಸೂಜಿ ಆದರೆ, ಲಸಿಕೆ ಹಾಕಿಸಿಕೊಳ್ಳದವರಿಗೆ ನೂರಕ್ಕೆ 30ರ ತನಕ ಹೋಗುತ್ತದೆ. ಅದಕ್ಕೆ ಯಾರೂ ಎರಡು ಗ್ಲೌಸ್ ಹಾಕಿದ್ದು ನಾನು ಕಂಡಿಲ್ಲ. ಲಸಿಕೆ ಬೇರೆ ಇದೆ. ಕಾಮೆಂಟಿನಲ್ಲಿ ನನ್ನನ್ನು ಬೈಯೋಕೆ ಬರುವ ಸಿಸ್ಟರ್‌ಗಳೇ, ಅದರ ಮೂರೂ ಡೋಸ್ ಹಾಕಿಸಿಕೊಂಡಿದ್ದೀರಾ? ಮೊದಲು ಅದನ್ನು ಬರೆಯಿರಿ, ಆಮೇಲೆ ಬೈಯಿರಿ.