ನಿರುದ್ಯೋಗ ದರ ಕಮ್ಮಿ ಅಂದ್ರೆ ಕೆಲಸ ಇದೆ ಅಂತಲ್ಲ

ಕೇಂದ್ರ ಸರ್ಕಾರದ ದುಡಿಮೆ ಸಮೀಕ್ಷೆ ಪಿಎಲ್‌ಎಫ್‌ಎಸ್‌ನ 2023-24ರ ವಾರ್ಷಿಕ ವರದಿಯಲ್ಲಿ ಕರ್ನಾಟಕದ ನಿರುದ್ಯೋಗ ದರ ಶೇ 2.7. ಕೇರಳದ್ದು 7.2, ಮಧ್ಯಪ್ರದೇಶದ್ದು ಬರೀ 1. ಹಾಗಿದ್ರೆ ಕೇರಳದವರೆಲ್ಲ ಗಂಟುಮೂಟೆ ಕಟ್ಟಿ ಭೋಪಾಲಕ್ಕೆ ಹೊರಡಬೇಕಿತ್ತಲ್ಲ?

ಗುಟ್ಟು ಇರೋದು ಲೆಕ್ಕ ಹಾಕೋ ರೀತಿಯಲ್ಲಿ. ವಾರ್ಷಿಕ ವರದಿಯಿಂದ ಪತ್ರಿಕೆಗಳು ಎತ್ತಿಕೊಳ್ಳೋದು 'ಸಾಮಾನ್ಯ ಸ್ಥಿತಿ'ಯ ದರ. ಹಿಂದಿನ 365 ದಿನಗಳಲ್ಲಿ ಬಹುಪಾಲು ಕೆಲಸ ಹುಡುಕುತ್ತಾ ಕೂತಿದ್ದರೂ, 30 ದಿನ ಏನಾದರೂ ದುಡಿದಿದ್ದರೆ ನೀವು ಉದ್ಯೋಗಿ. ಕೂಲಿ ಸಿಕ್ಕಿರಬೇಕೆಂದೂ ಇಲ್ಲ, ಮನೆಯ ಹೊಲ, ಅಂಗಡಿಯಲ್ಲಿ ಕೈಜೋಡಿಸಿದ್ದರೆ ಸಾಕು. ದೇವದುರ್ಗದ ಬಿ.ಎ. ಪದವೀಧರ ಹತ್ತಿ ಬಿಡಿಸೋ ಹೊತ್ತಿಗೆ ಒಂದು ತಿಂಗಳು ಅಪ್ಪನ ಹೊಲಕ್ಕೆ ಹೋಗಿ, ಉಳಿದ ವರ್ಷವೆಲ್ಲ ಅರ್ಜಿ ಹಾಕುತ್ತಾ ಕಳೆದರೂ ಇಲ್ಲಿ ನಿರುದ್ಯೋಗಿ ಅಲ್ಲ. ಹುಡುಕೋದನ್ನೂ ಬಿಟ್ಟು, ಸಿಕ್ಕರೂ ಕೆಲಸ ಬೇಡ ಅನ್ನುವವರಂತೂ ಲೆಕ್ಕದಿಂದಲೇ ಹೊರಗೆ. ಬಡ ಸೀಮೆಗಳಲ್ಲಿ ದರ ಕಮ್ಮಿ ಕಾಣೋದು ಹೀಗೆ: ಕೂತು ಕಾಯೋಕೂ ಮನೆಯಲ್ಲಿ ರೊಟ್ಟಿ ಇರಬೇಕು. ಅದಕ್ಕೇ ನಿರುದ್ಯೋಗ ದರವೊಂದನ್ನೇ ನೋಡಬೇಡಿ, ದುಡಿಯುವವರಲ್ಲಿ ಮಾಸಿಕ ಸಂಬಳದವರೆಷ್ಟು, ದಿನಗೂಲಿಯವರೆಷ್ಟು ಅನ್ನೋ ಕೋಷ್ಟಕ ತೆಗೆದು ನೋಡಿ.

2025ರಿಂದ ತಿಂಗಳ ಅಂಕಿಯೂ ಬರುತ್ತಿದೆ. ಏಪ್ರಿಲ್‌ನ ದೇಶದ ದರ 5.1 ಅಂದಾಗ, 2023-24ರ ವಾರ್ಷಿಕ ವರದಿಯಲ್ಲಿದ್ದ ದೇಶದ ದರ 3.2ರ ಪಕ್ಕ ಇಟ್ಟು 'ಏರಿತು' ಎಂದವರು ಬಹಳ. ತಿಂಗಳ ಅಂಕಿ ವಾರದ ಲೆಕ್ಕ: 7 ದಿನದಲ್ಲಿ ಒಂದು ಗಂಟೆ ದುಡಿದರೂ ಉದ್ಯೋಗಿ, ಆದರೆ ಕೆಲಸವಿಲ್ಲದ ವಾರ ಮುಚ್ಚಿಹೋಗಲ್ಲ. ಎರಡನ್ನೂ ಹೋಲಿಸೋ ಹಾಗಿಲ್ಲ. ಸಮೀಕ್ಷೆಗೆ ಮನೆಗಳನ್ನು ಆರಿಸೋಕೆ ಜಿಲ್ಲೆಯನ್ನು ಮೂಲ ಘಟಕ ಮಾಡಿದ್ದೂ 2025ರ ಜನವರಿಯಿಂದಲೇ. ಅದಕ್ಕೂ ಹಿಂದಿನ 'ಯಾದಗಿರಿಯ ನಿರುದ್ಯೋಗ ಇಷ್ಟು' ಅನ್ನೋ ಪೋಸ್ಟರ್ ಕಂಡರೆ ಮೂಲ ಕೇಳಿ.

ಇನ್ನು ಖಾಲಿ ಹುದ್ದೆ. ರಾಜ್ಯ ಸರ್ಕಾರದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಅಂತಾರೆ. ಆದರೆ ಮಂಜೂರಾದ ಹುದ್ದೆ ಖಾಲಿ ಬಿದ್ದ ಮಾತ್ರಕ್ಕೆ ಅಧಿಸೂಚನೆ ಹೊರಡಲ್ಲ. ಇಲಾಖೆ ಮೊದಲು ಆರ್ಥಿಕ ಇಲಾಖೆಯ ಒಪ್ಪಿಗೆ ಪಡೆಯಬೇಕು. ಆಮೇಲೆ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಪ್ರಕಾರ ಕಲ್ಯಾಣ ಕರ್ನಾಟಕ ವೃಂದ, ಉಳಿಕೆ ಮೂಲ ವೃಂದ (ಉಳಿದ ಹುದ್ದೆಗಳು) ಅಂತ ವಿಂಗಡಣೆ. ಆ ಭಾಗದ ಸ್ಥಳೀಯ ಹುದ್ದೆಗಳಲ್ಲಿ ಎ, ಬಿ ಗುಂಪಿಗೆ ಶೇ 75, ಸಿ ಗುಂಪಿಗೆ 80, ಡಿ ಗುಂಪಿಗೆ 85 ಅಲ್ಲಿನವರಿಗೆ ಮೀಸಲು. ಎರಡೂ ವೃಂದಕ್ಕೆ ಬೇರೆಬೇರೆ ರೋಸ್ಟರ್, ಅಂದ್ರೆ ಎಷ್ಟನೇ ಹುದ್ದೆ ಯಾವ ಮೀಸಲಾತಿಗೆ ಅನ್ನೋ ಪಟ್ಟಿ. ಅದರಲ್ಲಿ ಒಂದು ಬಿಂದು (ಕ್ರಮಾಂಕ) ತಪ್ಪಿದರೆ ಕಡತ ವಾಪಸ್. ಮೀಸಲಾತಿ ಬದಲಾದರೆ ಮೊದಲಿಂದ ಲೆಕ್ಕ: ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ 2025ರ ಆಗಸ್ಟ್‌ನಲ್ಲಿ ಆಗೋವರೆಗೂ ಹೊಸ ಅಧಿಸೂಚನೆಗಳು ನಿಂತಿದ್ದವು. ಪರೀಕ್ಷೆ ನಡೆದರೂ ನೆಚ್ಚಿಕೊಳ್ಳೋ ಹಾಗಿಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ.

ನನ್ನ ಪ್ರಕಾರ ದೊಡ್ಡ ಅಡ್ಡಿ ಬೇರೆ. ಅತಿಥಿ ಶಿಕ್ಷಕರು, ಹೊರಗುತ್ತಿಗೆಯವರು ಅಗ್ಗದಲ್ಲಿ ಕೆಲಸ ನಡೆಸಿಕೊಡುತ್ತಿರುವಾಗ ಭರ್ತಿಗೆ ಅವಸರ ಯಾರಿಗಿದೆ?

'ಖಾಲಿ ಎಷ್ಟು' ಅಂತ ಕೇಳೋದು ಬಿಡಿ. ಇಲಾಖೆಗೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಆರ್ಥಿಕ ಇಲಾಖೆ ಒಪ್ಪಿರುವುದೆಷ್ಟು, ರೋಸ್ಟರ್ ಮುಗಿದಿರುವುದೆಷ್ಟು, ಕಲ್ಯಾಣ ಕರ್ನಾಟಕ ವೃಂದಕ್ಕೆಷ್ಟು ಅಂತ ಕೇಳಿ. ಉತ್ತರಕ್ಕೆ 30 ದಿನದ ಗಡುವು. ಅರ್ಜಿ 150 ಪದ ಮೀರದಿರಲಿ, ಒಂದೇ ವಿಷಯ ಇರಲಿ. ಇಲ್ಲದಿದ್ದರೆ ನಮ್ಮ ರಾಜ್ಯದ ನಿಯಮ ತೋರಿಸಿ ವಾಪಸ್ ಕಳಿಸ್ತಾರೆ.