ಸೂರ್ಯನಿಗೆ ನಿರಾಕ್ಷೇಪಣಾ ಪತ್ರ

ಪಾವಗಡದ ಸೋಲಾರ್ ಪಾರ್ಕ್ ವಿಸ್ತರಣೆಯ ಮಾತು ಮತ್ತೆ ಎದ್ದಿದೆ. ಹಸಿರು ವಿದ್ಯುತ್ತಿಗೆ ಅನುಮತಿಗಳನ್ನು ಇನ್ನಷ್ಟು ಸರಳಗೊಳಿಸಬೇಕೆಂಬ ಭಾಷಣವೂ ಬೆನ್ನಿಗೇ ಬಂದಿದೆ. ಸರಳಗೊಳಿಸಲಿ, ಬೇಡ ಎನ್ನುವವರು ಯಾರು? ತೀರಿಕೊಂಡ ತಾತನ ಹೆಸರಿನ ಪಹಣಿಗೆ ಪೌತಿ ಖಾತೆ ಮಾಡಿಸಲು, ಜಂಟಿ ಸರ್ವೆ ನಂಬರನ್ನು ಅಳೆದು ಪಾಲುಮಾಡುವ ಪೋಡಿ ಮಾಡಿಸಲು ತಾಲ್ಲೂಕು ಕಚೇರಿಗೆ ಎಡತಾಕಿ ಚಪ್ಪಲಿ ಸವೆಸಿದ ಜಿಲ್ಲೆ ನಮ್ಮದು.

ಆದರೆ ಈ ಸರಳತೆ ಬಂದಿಳಿಯುವ ಜಾಗ ನೋಡಿ. 2006ರ ಪರಿಸರ ಅಧಿಸೂಚನೆಯ ಪ್ರಕಾರ ಸೌರ ಸ್ಥಾವರಕ್ಕೆ ಪೂರ್ವಾನುಮತಿ ಬೇಕಿಲ್ಲ. ಹಾಗಾಗಿ ಅದರಡಿಯ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಶಾಮಿಯಾನ, ಮೈಕು, ಸಾಹೇಬರಿಗೆ ಬಿಸ್ಕತ್ತು, ಎಲ್ಲ ಉಳಿತಾಯ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಇಷ್ಟು ದೊಡ್ಡ ಕೆಲಸದಲ್ಲಿ ಬಿಸ್ಕತ್ತಿನ ಖರ್ಚಾದರೂ ಉಳಿಯಿತಲ್ಲ!

ಪಾವಗಡವೆಂದರೆ ಮೊದಲು ನೆನಪಾಗುವುದು ಶನಿಮಹಾತ್ಮ. ಶನಿವಾರ ಬಸ್ಸು ತುಂಬ ಬಂದಿಳಿದು ಎಳ್ಳುಬತ್ತಿ ಹಚ್ಚುವವರಿಗೆ ಹೇಳಬೇಕಾಗಿಲ್ಲ, ಶನಿ ಸೂರ್ಯನ ಮಗ. ಪುರಾಣಕಾಲದಿಂದಲೂ ಅಪ್ಪ ಮಗನಿಗೆ ಸರಿಬರುವುದಿಲ್ಲವಂತೆ. ಮಗನ ಊರಿಗೆ 2018ರಲ್ಲಿ ಅಪ್ಪನೂ ಬಂದು ಸಂಸಾರ ಹೂಡಿದ. ಮಗನಿಗೆ ಒಂದು ಗುಡಿ, ಅಪ್ಪನಿಗೆ ಬೇಲಿ ಹಾಕಿದ ಸಾಮ್ರಾಜ್ಯ, ಅದಕ್ಕೆ 'ಶಕ್ತಿಸ್ಥಳ'ವೆಂಬ ನಾಮಕರಣ. ಶನಿ ಹೆಗಲೇರಿದರೂ ಏಳೂವರೆ ವರ್ಷಕ್ಕೆ ಇಳಿಯುತ್ತಾನೆ. ಅಪ್ಪನ ಗುತ್ತಿಗೆ 28 ವರ್ಷ! ಇದಕ್ಕೆ ಯಾವ ಶಾಂತಿ ಮಾಡಿಸಬೇಕೋ ಜೋಯಿಸರನ್ನೇ ಕೇಳಬೇಕು.

ಗುತ್ತಿಗೆಯನ್ನು ಮಾತ್ರ ಗೇಲಿ ಮಾಡಲು ನನಗೆ ಮನಸ್ಸು ಬಾರದು. ಜಮೀನನ್ನು ಸ್ವಾಧೀನಕ್ಕೆ ತೆಗೆದುಕೊಳ್ಳದೆ, ರೈತನ ಹೆಸರಿನಲ್ಲೇ ಉಳಿಸಿ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುಮಾಡಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಸುವ ಒಪ್ಪಂದ ಅದು. ಬಿತ್ತಿದ ಕಡಲೆಕಾಯಿ ಮಳೆಯಿಲ್ಲದೆ ಒಣಗುವುದನ್ನು ನೋಡಿ ನೋಡಿ ಸಾಕಾದವನಿಗೆ ಇದು ಸಣ್ಣ ಮಾತಲ್ಲ.

ಆದರೆ ಆ ದುಡ್ಡು ಪಹಣಿಯ ಹೆಸರನ್ನು ನೋಡಿ ಬರುತ್ತದೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದವಳ ಹೆಸರು ಪಹಣಿಯ ಯಾವ ಕಾಲಂನಲ್ಲೂ ಇಲ್ಲ. ಬೀಳು ಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವನದೂ ಇಲ್ಲ. ತಂತಿಬೇಲಿಯ ಆಚೆ ಫಲಕಗಳ ನೆರಳಿನಲ್ಲಿ ಹುಲ್ಲು ಚಿಗುರಿದೆ; ಈಚೆ ಕುರಿಗಳು ಜಾಲರಿಗೆ ಮೂತಿ ತೂರಿಸಿ ನಿಂತಿವೆ. ಫ್ಲೋರೈಡ್ ನೀರು ಕುಡಿದು ಹಲ್ಲು ಕಂದಾದ ತಾಲ್ಲೂಕಿನಲ್ಲಿ ದೂಳು ಹಿಡಿದ ಫಲಕಗಳಿಗೆ ಸ್ನಾನವೂ ಆಗಬೇಕು. ನಮ್ಮ ಮುಖಂಡರು ವಿಧಾನಸೌಧದಲ್ಲಿ ಹೂಡಿಕೆಯ ಪರ, ಗುದ್ದಲಿಪೂಜೆಯಲ್ಲಿ ಅಭಿವೃದ್ಧಿಯ ಪರ, ಧರಣಿ ಕುಳಿತಲ್ಲಿ ಜನರ ಪರ. ಅವರಿಗೆ ಯಾರ ಅನುಮತಿಯೂ ಬೇಕಿಲ್ಲ.

ಕಲ್ಲಿದ್ದಲು ಸುಡುವುದು ನಿಲ್ಲಬೇಕು. ಸೂರ್ಯನ ವಿದ್ಯುತ್ತು ಬೇಕು, ಬೇಗನೆಯೂ ಬೇಕು. ಇದರಲ್ಲಿ ನನಗೆ ತಕರಾರಿಲ್ಲ. ಆದರೆ ಊರವರನ್ನು ಕೂರಿಸಿ ಕೇಳಿದರೆ ಯೋಜನೆ ತಡವಾಗುತ್ತದೆ ಎಂಬ ಮಾತಿದೆಯಲ್ಲ, ಅದು ಮೈ ಉರಿಸುತ್ತದೆ. ಒಂದು ಪೋಡಿ ಕಡತವನ್ನು ವರ್ಷಗಟ್ಟಲೆ ಕೊಳೆಹಾಕುವಾಗ ಬಾರದ ಅವಸರ, ಕೂಲಿಯವಳು ಬಾಯಿ ತೆರೆಯುವ ಹೊತ್ತಿಗೆ ಎಲ್ಲಿಂದ ಬಂತು?