ಮೂಕಿ ಎತ್ತಿ ನೋಡುವವರು, ಸರಪಳಿ ಬಿಗಿಯುವವರು

ಡೆನ್ವರ್‌ನ ಹೊರವಲಯದಲ್ಲಿರುವ ನಮ್ಮ ಮನೆಯ ಪಕ್ಕದಲ್ಲಿ, ಸಾಮಾನು ತುಂಬಿದಾಗ ಸುಮಾರು 2,700 ಕಿಲೋ ತೂಗುವ ಒಂದು ಪ್ರವಾಸದ ಟ್ರೇಲರ್ ನಿಂತಿರುತ್ತದೆ. ಬೇಸಿಗೆಯಲ್ಲಿ ಅದನ್ನು ಪಿಕಪ್‌ಗೆ ಕಟ್ಟಿಕೊಂಡು ಯೆಲ್ಲೋಸ್ಟೋನ್ ಕಡೆಗೆ ಹೋಗುವುದು ನಮ್ಮ ವಾಡಿಕೆ. ಇಷ್ಟು ಭಾರದ ಟ್ರೇಲರ್ ಎಳೆಯುವವರು ಇಲ್ಲಿ ಸಾಮಾನ್ಯವಾಗಿ ಭಾರ ಹಂಚುವ ಹಿಚ್ (ಟ್ರೇಲರನ್ನು ಪಿಕಪ್‌ಗೆ ಜೋಡಿಸುವ ಸಾಧನ) ಬಳಸುತ್ತಾರೆ. ನಾನೂ ಬಳಸುತ್ತೇನೆ, ಅದು ಬೇಡವೆನ್ನುವುದು ನನ್ನ ವಾದವೂ ಅಲ್ಲ. ಆದರೆ ಗಾಡಿ ಓಲಾಡಿತೆಂದರೆ ಮೊದಲು ಆ ಹಿಚ್‌ನ ಸರಪಳಿಗೆ ಕೈಹಾಕುವ ಇಲ್ಲಿಯವರ ಅಭ್ಯಾಸಕ್ಕಿಂತ, ಮೊದಲು ಮೂಕಿ (ಗಾಡಿಯಿಂದ ಮುಂದಕ್ಕೆ ಚಾಚಿರುವ ಕಂಬ) ಎತ್ತಿ ನೋಡುತ್ತಿದ್ದ ನಮ್ಮ ಊರಿನವರ ಅಭ್ಯಾಸವೇ ಸರಿಯಾದದ್ದು ಎಂದು ನನಗೆ ಅನುಭವದಿಂದ ಮನವರಿಕೆಯಾಗಿದೆ.

ಮಂಡ್ಯ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ತಾತ ಎತ್ತಿನ ಗಾಡಿಗೆ ಭತ್ತದ ಮೂಟೆ ಹೇರಿದ ಮೇಲೆ, ಎತ್ತುಗಳನ್ನು ನೊಗಕ್ಕೆ ಕಟ್ಟುವ ಮುಂಚೆ, ಮೂಕಿಯನ್ನು ಎರಡು ಕೈಯಲ್ಲಿ ಎತ್ತಿ ಒಂದು ಕ್ಷಣ ಹಾಗೆಯೇ ಹಿಡಿದು ನಿಲ್ಲುತ್ತಿದ್ದರು. ಮುಂಭಾರವಾದರೆ ಎತ್ತಿನ ಹೆಗಲು ಜಜ್ಜಿಹೋಗುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳಿನ ಹಗ್ಗ ಗಂಟಲನ್ನು ಒತ್ತುತ್ತದೆ. ಅಚ್ಚಿನ ಮುಂದಕ್ಕೋ ಹಿಂದಕ್ಕೋ ಒಂದು ಮೂಟೆ ಸರಿಸಿ, ಮತ್ತೆ ಎತ್ತಿ ನೋಡಿ, ಆಮೇಲೆ ಎತ್ತುಗಳನ್ನು ಕರೆಯುತ್ತಿದ್ದರು. ಅವರ ಬಳಿ ಬಿಗಿಯುವುದಕ್ಕೆ ಸರಪಳಿಯೇ ಇರಲಿಲ್ಲವಾದ್ದರಿಂದ ಮೂಟೆಯನ್ನೇ ಸರಿಸಬೇಕಿತ್ತು ಎಂದೂ ಹೇಳಬಹುದು.

ಟ್ರೇಲರ್‌ನ ಮೂಕಿ ಹಿಚ್‌ನ ಗುಂಡಿನ ಮೇಲೆ ಊರುವ ಭಾರ ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಇರಬೇಕೆಂಬುದು ಅಮೆರಿಕದ ರೂಢಿ. ನಮ್ಮ ಟ್ರೇಲರ್‌ಗೆ ಶೇಕಡಾ 12 ಎಂದಿಟ್ಟುಕೊಂಡರೆ ಅದು ಸುಮಾರು 325 ಕಿಲೋ ಆಗುತ್ತದೆ. ಈ ಭಾರ ಬೀಳುವುದು ಪಿಕಪ್‌ನ ಹಿಂದಿನ ಅಚ್ಚಿಗಿಂತ ಸುಮಾರು ಒಂದೂವರೆ ಮೀಟರ್ ಹಿಂದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ಅಂತರ 3.7 ಮೀಟರ್ ಇರುವಾಗ, ಸನ್ನೆಗೋಲಿನ ಲೆಕ್ಕದಂತೆ ಮುಂದಿನ ಚಕ್ರಗಳ ಮೇಲಿನಿಂದ ಸುಮಾರು 130 ಕಿಲೋ ಕಡಿಮೆಯಾಗಿ, ಹಿಂದಿನ ಅಚ್ಚಿನ ಮೇಲೆ 455 ಕಿಲೋ ಹೆಚ್ಚುತ್ತದೆ. ಕಬ್ಬಿನ ಕಾಲದಲ್ಲಿ ಮಂಡ್ಯದ ರಸ್ತೆಗಳಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಏಳುವ ಟ್ರ್ಯಾಕ್ಟರ್‌ಗಳನ್ನು ಕಂಡವರಿಗೆ, ಮುಂಭಾಗ ಹಗುರವಾದರೆ ಸ್ಟೀರಿಂಗ್ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಚ್‌ನ ಕೆಲಸ ಈ ನಷ್ಟದ ಒಂದು ಪಾಲನ್ನು ಮರಳಿ ತರುವುದು. ಟ್ರೇಲರ್‌ನ ಮೂಕಿಯ ಎರಡೂ ಬದಿಯಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಎರಡು ಸ್ಪ್ರಿಂಗ್ ಸರಳುಗಳ ತುದಿಯನ್ನು ಸರಪಳಿಯಿಂದ ಮೇಲಕ್ಕೆಳೆದು ಕಟ್ಟಿದಾಗ, ತಳ್ಳುಗಾಡಿಯ ಹಿಡಿಗಳನ್ನು ಎತ್ತಿದರೆ ಭಾರ ಮುಂದಿನ ಚಕ್ರದ ಕಡೆಗೆ ವಾಲುವಂತೆಯೇ, ಹಿಂದಿನ ಅಚ್ಚಿನ ಭಾರ ಸ್ವಲ್ಪ ಪಿಕಪ್‌ನ ಮುಂದಿನ ಚಕ್ರಗಳಿಗೂ ಸ್ವಲ್ಪ ಟ್ರೇಲರ್‌ನ ಚಕ್ರಗಳಿಗೂ ಹಂಚಿಹೋಗುತ್ತದೆ. ಕಳೆದುಹೋದ 130 ಕಿಲೋದಲ್ಲಿ ಅರ್ಧವನ್ನು ಮುಂದಕ್ಕೆ ತಂದರೆ, ನಮ್ಮ ಟ್ರೇಲರ್‌ನ ಅಳತೆಯಲ್ಲಿ, ಸುಮಾರು 40 ಕಿಲೋ ಅದರ ಸ್ವಂತ ಅಚ್ಚುಗಳಿಗೂ ಹೋಗುತ್ತದೆ. ಎಷ್ಟು ಪಾಲು ಮರಳಬೇಕೆಂಬುದನ್ನು ವಾಹನದ ಕೈಪಿಡಿ ಹೇಳುತ್ತದೆ. ಕೆಲವು ಅರ್ಧ ಸಾಕೆನ್ನುತ್ತವೆ, ಕೆಲವು ಪೂರ್ತಿ ಬೇಕೆನ್ನುತ್ತವೆ.

ಹೊಂದಿಸುವುದಕ್ಕೆ ಬೇಕಾದದ್ದು ಒಂದು ಟೇಪು ಮತ್ತು ಸಮತಟ್ಟಾದ ನೆಲ. ಟ್ರೇಲರ್ ಕಟ್ಟದೆ, ಮುಂದಿನ ಚಕ್ರದ ಮೇಲಿನ ಕಮಾನಿನ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಬೇಕು. ನಮ್ಮದು 38 ಇಂಚು. ಸರಳು ಹಾಕದೆ ಟ್ರೇಲರ್ ಕಟ್ಟಿದಾಗ ಅದು 39 ಇಂಚಿಗೆ ಏರಿತು. ಅರ್ಧ ಮರಳಿಸಬೇಕೆಂದರೆ ಸರಳು ಬಿಗಿದ ಮೇಲೆ 38½ ಇಂಚು ಬರಬೇಕು. ಬಾರದಿದ್ದರೆ ಸರಪಳಿಯ ಒಂದು ಕೊಂಡಿ ಹೆಚ್ಚುಕಡಿಮೆ ಮಾಡಬೇಕು, ಅದರಿಂದಲೂ ಆಗದಿದ್ದರೆ ಹಿಚ್‌ನ ತಲೆಯ ಓರೆಯನ್ನು ಬದಲಿಸಬೇಕು. ಟ್ರೇಲರ್ ನೆಲಕ್ಕೆ ಸಮನಾಗಿ, ಅಥವಾ ಮೂತಿ ತುಸು ತಗ್ಗಿ ನಿಲ್ಲಬೇಕು. ಇಷ್ಟೆಲ್ಲವನ್ನೂ ಪ್ರವಾಸಕ್ಕೆ ಹೊರಡುವಷ್ಟು ಸಾಮಾನು ತುಂಬಿದ ಟ್ರೇಲರ್‌ನ ಮೇಲೆಯೇ ಮಾಡಬೇಕು.

ಎಡವಟ್ಟಾದದ್ದು ಇಲ್ಲಿಯೇ. ನಮಗೆ ಟ್ರೇಲರ್ ಮಾರಿದವರು ಅದು ಖಾಲಿ ಇರುವಾಗಲೇ ಹಿಚ್ ಹೊಂದಿಸಿ, ಐದನೆಯ ಕೊಂಡಿಗೆ ಬಣ್ಣ ಬಳಿದು, ಇದನ್ನು ಮರೆಯಬೇಡಿ ಎಂದು ಕಳುಹಿಸಿಕೊಟ್ಟರು. ಮೊದಲ ಪ್ರವಾಸಕ್ಕೆ ನಾವು ನಾಲ್ಕು ಸೈಕಲ್ಲುಗಳನ್ನು ಟ್ರೇಲರ್‌ನ ಹಿಂಬದಿಯ ಸ್ಟ್ಯಾಂಡಿಗೆ ಏರಿಸಿ, ಅಚ್ಚಿನ ಹಿಂದಿದ್ದ ತೊಟ್ಟಿಗೆ 150 ಲೀಟರ್ ನೀರು ತುಂಬಿಸಿ ಹೊರಟೆವು. ವಯೋಮಿಂಗ್‌ನ ಇಂಟರ್‌ಸ್ಟೇಟ್ 80ರಲ್ಲಿ, ಗಾಳಿಗೆ ಹೆಸರಾದ ಲಾರಮಿ ದಾಟಿದ ಮೇಲೆ, ದೊಡ್ಡ ಟ್ರಕ್ಕೊಂದು ಪಕ್ಕದಲ್ಲಿ ಹಾದುಹೋದಾಗಲೆಲ್ಲ ಟ್ರೇಲರ್ ಬಾಲ ಆಡಿಸತೊಡಗಿತು. ಇಂಧನ ಕೇಂದ್ರವೊಂದರಲ್ಲಿ ನಿಲ್ಲಿಸಿದಾಗ ಅಲ್ಲಿದ್ದ ಇಬ್ಬರು ಅನುಭವಸ್ಥರು ಒಂದೇ ದನಿಯಲ್ಲಿ ಕೊಟ್ಟ ಸಲಹೆ: ಇನ್ನೊಂದು ಕೊಂಡಿ ಬಿಗಿ ಮಾಡು. ಮಾಡಿದೆ. ಮುಂದಿನ ಮೂವತ್ತು ಮೈಲಿ ಮೊದಲಿಗಿಂತ ಕೆಟ್ಟದಾಗಿತ್ತು. ಹೆಚ್ಚು ಬಿಗಿದಾಗ ಪಿಕಪ್‌ನ ಹಿಂದಿನ ಚಕ್ರಗಳೇ ಹಗುರವಾಗಿ ಹಿಡಿತ ಕಳೆದುಕೊಳ್ಳುತ್ತವೆ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಓಲಾಟ ಶುರುವಾದಾಗ ಪಿಕಪ್‌ನ ಬ್ರೇಕ್ ತುಳಿಯದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಟ್ರೇಲರ್‌ನ ಬ್ರೇಕನ್ನು ಮಾತ್ರ ಕೈಯಿಂದ ಒತ್ತಬೇಕೆಂಬುದು ತಿಳಿದಿದ್ದರಿಂದ ಪಾರಾದೆವು.

ಮನೆಗೆ ಬಂದು ಲೆಕ್ಕ ಹಾಕಿದೆ. ಗುಂಡಿನಿಂದ ಟ್ರೇಲರ್‌ನ ಅಚ್ಚಿಗೆ 5 ಮೀಟರ್. ಅಚ್ಚಿನ 3 ಮೀಟರ್ ಹಿಂದೆ ತೂಗುತ್ತಿದ್ದ ಸೈಕಲ್ಲು ಮತ್ತು ಸ್ಟ್ಯಾಂಡಿನ 90 ಕಿಲೋ, ಮೂಕಿಯ ಭಾರದಿಂದ 54 ಕಿಲೋ ಕಿತ್ತುಕೊಂಡಿತ್ತು. ಒಂದೂವರೆ ಮೀಟರ್ ಹಿಂದಿದ್ದ ನೀರು ಇನ್ನೂ 45 ಕಿಲೋ. ಉಳಿದದ್ದು 225 ಕಿಲೋ, ಎಂದರೆ ಶೇಕಡಾ 8ರ ಆಸುಪಾಸು. ತಾತನ ಮಾತಿನಲ್ಲಿ ಹೇಳುವುದಾದರೆ ಗಾಡಿ ಹಿಂಭಾರವಾಗಿತ್ತು. ಸರಪಳಿ ಎಷ್ಟೇ ಬಿಗಿದರೂ ಟ್ರೇಲರ್‌ನ ಹಿಂಬದಿಯ ಸಾಮಾನು ಮುಂದಕ್ಕೆ ಬರುವುದಿಲ್ಲ.

ಯೂರೋಪಿನವರು ಇದನ್ನು ಬೇರೆ ದಾರಿಯಲ್ಲಿ ಬಗೆಹರಿಸಿಕೊಂಡಿದ್ದಾರೆ. ಅಲ್ಲಿಯ ಕ್ಯಾರವಾನ್ ಹಗುರ, ಮೂಕಿಯ ಭಾರವೂ ಕಡಿಮೆ, ಅದಕ್ಕೆ ತಕ್ಕಂತೆ ವೇಗಕ್ಕೂ ಕಡಿವಾಣ: ಜರ್ಮನಿಯಲ್ಲಿ ಸಾಮಾನ್ಯವಾಗಿ ಗಂಟೆಗೆ 80 ಕಿಲೋಮೀಟರ್, ವಿಶೇಷ ಅನುಮತಿ ಇದ್ದರೆ ಹೆದ್ದಾರಿಯಲ್ಲಿ 100. ಕ್ಯಾಲಿಫೋರ್ನಿಯಾ ಕೂಡ ಟ್ರೇಲರ್ ಎಳೆಯುವವರನ್ನು 55 ಮೈಲಿಗೆ ನಿಲ್ಲಿಸಿದೆ. ವಯೋಮಿಂಗ್‌ನಲ್ಲಿ 75 ಮೈಲಿಯ ಫಲಕ ಕಂಡಾಗ ಕಾಲು ತಾನಾಗಿಯೇ ಕೆಳಗಿಳಿಯುತ್ತದೆ. ಈ ವಿಷಯದಲ್ಲಿ ನಾನು ಜರ್ಮನ್ನರ ಪಕ್ಷ. ಮನೆಯವಳು ಹಿಂದಿನ ಕಾರುಗಳ ಸಾಲು ನೋಡಿ ಮುಜುಗರಪಟ್ಟರೂ 60 ಮೈಲಿ ದಾಟುವುದಿಲ್ಲ.

ತಾತನ ಕ್ರಮಕ್ಕೆ ಒಂದು ಅನುಕೂಲವಿತ್ತೆಂಬುದನ್ನು ಒಪ್ಪಬೇಕು. ಭಾರ ತಪ್ಪಿದರೆ ಎತ್ತು ತಲೆ ಕೊಡವಿ ತಿಳಿಸುತ್ತಿತ್ತು. ಪಿಕಪ್ ಮರುಮಾತಿಲ್ಲದೆ ಎಳೆಯುತ್ತದೆ. 300 ಕಿಲೋ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುವುದೂ ಸಾಧ್ಯವಿಲ್ಲ. ಆದ್ದರಿಂದ ಈಗ ನಾನು ಮೂಕಿಯ ಕೆಳಗಿಡುವ ಒಂದು ತೂಕದ ಯಂತ್ರ ಕೊಂಡಿದ್ದೇನೆ. ವರ್ಷದ ಮೊದಲ ಪ್ರಯಾಣದಲ್ಲಿ ಟ್ರಕ್ ನಿಲ್ದಾಣದ ವೇಬ್ರಿಡ್ಜ್ ಮೇಲೆ ಸರಳು ಹಾಕಿ ಒಮ್ಮೆ, ಸಡಿಲಿಸಿ ಒಮ್ಮೆ, ಪಿಕಪ್ ಒಂದನ್ನೇ ಒಮ್ಮೆ, ಹೀಗೆ ಮೂರು ಸಲ ತೂಗಿಸುತ್ತೇನೆ. ಸೈಕಲ್ಲುಗಳು ಪಿಕಪ್‌ನ ಸಾಮಾನು ಹೇರುವ ಭಾಗಕ್ಕೆ ಬಂದಿವೆ, ನೀರನ್ನು ಬಿಡಾರ ತಲುಪಿದ ಮೇಲೆ ತುಂಬಿಸುತ್ತೇವೆ. ಕಳೆದ ಬೇಸಿಗೆಯಲ್ಲಿ ಮೂಕಿ 330 ಕಿಲೋ ತೂಗಿತು, ಕಮಾನು 38½ ಇಂಚಿಗೆ ನಿಂತಿತು, ಸರಪಳಿ ಮಾತ್ರ ಬಣ್ಣ ಬಳಿದ ಆ ಐದನೆಯ ಕೊಂಡಿಯಲ್ಲೇ ಇತ್ತು.